ಆರತಕ್ಷತೆ ಸ್ಟೇಜಿಗೆ ಎಲ್‌ಇಡಿ ಪಾರ್: 54×3 ಸಾಕಾ, 4-ಇನ್-1 ಬೇಕಾ, 6-ಇನ್-1ಗೆ ದುಡ್ಡು ಸುರಿಯಬೇಕಾ?

ಶಾಮಿಯಾನ_ತರೀಕೆರೆ:

ಎಲ್ಲರಿಗೂ ನಮಸ್ಕಾರ. ತರೀಕೆರೆ ಕಡೆ ಸಣ್ಣದೊಂದು ಶಾಮಿಯಾನ ಮತ್ತು ಸೌಂಡ್ಸ್ ನಡೆಸುತ್ತೇನೆ. ಅಪ್ಪ ಶುರು ಮಾಡಿದ್ದು. ಆಗೆಲ್ಲ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು, ನಾಲ್ಕು ಹ್ಯಾಲೊಜನ್ ಇದ್ದರೆ ಮದುವೆ ಮುಗಿದು ಹೋಗುತ್ತಿತ್ತು. ಈಗ ಬುಕಿಂಗ್‌ಗೆ ಬರುವವರೇ ಫೋನಿನಲ್ಲಿ ಯಾವುದೋ ರೀಲ್ ತೋರಿಸಿ 'ಸ್ಟೇಜು ಹೀಗೆ ನೇರಳೆ ಬರಬೇಕು' ಅನ್ನುತ್ತಾರೆ. ಅದಕ್ಕೇ ಎರಡು ವರ್ಷದ ಹಿಂದೆ 54×3 ಎಲ್‌ಇಡಿ ಪಾರ್ (ಸ್ಟೇಜಿಗೆ ಬಣ್ಣ ಬಿಡುವ ಲೈಟು, ಒಳಗೆ ತಲಾ 3 ವ್ಯಾಟಿನ 54 ಎಲ್‌ಇಡಿ) ಎಂಟು ತಂದಿದ್ದೆ.

ಹೋದ ತಿಂಗಳು ಒಂದು ಆರತಕ್ಷತೆಯಲ್ಲಿ ಮರ್ಯಾದೆ ಹೋಯಿತು. ಹುಡುಗಿಯದು ಕೇಸರಿ ರೇಷ್ಮೆ ಸೀರೆ, ಕೆಂಪು ಅಂಚು. ಎಂಟೂ ಲೈಟನ್ನು ಬಿಳಿಗೆ ಇಟ್ಟೆ. ಮುಖ ಹಸಿರು ಹಸಿರು ಕಂಡಿತು ಅಂತ ನೀಲಿ ಇಳಿಸಿದೆ. ಹುಡುಗಿಯ ಅತ್ತೆ (ಅಪ್ಪನ ತಂಗಿ) ನೆಟ್ಟಗೆ ನನ್ನ ಹತ್ತಿರವೇ ಬಂದು 'ಏನಪ್ಪಾ, ನಮ್ಮ ಹುಡುಗಿಗೆ ಕಾಮಾಲೆ ಆದ ಹಾಗೆ ಕಾಣ್ತಿದ್ದಾಳಲ್ಲ' ಅಂದರು. ಕೆಂಪು ಏರಿಸಿದೆ. ಐದು ನಿಮಿಷ ಬಿಟ್ಟು ಮತ್ತೆ ಬಂದರು. 'ಈಗ ಜ್ವರ ಬಂದ ಹಾಗಿದೆ.' ಸಾಲದ್ದಕ್ಕೆ ಫೋಟೋದಲ್ಲಿ ಸೀರೆಯ ಕೇಸರಿಯೂ ಅಂಚಿನ ಕೆಂಪೂ ಒಂದೇ ಬಣ್ಣ. ಅಂಚೇ ಇಲ್ಲ! ವಿಡಿಯೋದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡಾಡುತ್ತಿವೆ. ಬಾಕಿ ಮೂರು ಸಾವಿರ ಇನ್ನೂ ಬಂದಿಲ್ಲ, ಕೇಳೋಕೂ ಮುಖ ಇಲ್ಲ.

ಗಣಪತಿ ಹಬ್ಬ, ಅದಾದ ಮೇಲೆ ರಾಜ್ಯೋತ್ಸವ, ಶಾಲೆಗಳ ವಾರ್ಷಿಕೋತ್ಸವ ಅಂತ ಸಾಲಾಗಿ ಇದೆ. 50 ಸಾವಿರದವರೆಗೆ ಹಾಕಬಲ್ಲೆ. ಅಂಗಡಿಯವನು 6-ಇನ್-1 ತಗೊಳ್ಳಿ, ಆರು ಬಣ್ಣ ಇದೆ, ಇನ್ನು ಹತ್ತು ವರ್ಷ ಯೋಚನೆ ಇಲ್ಲ ಅನ್ನುತ್ತಾನೆ. ಬೆಲೆ ಮಾತ್ರ ನನ್ನ ಹಳೆಯದರ ಎರಡರಷ್ಟಕ್ಕಿಂತ ಜಾಸ್ತಿ. ಬಣ್ಣ ಜಾಸ್ತಿ ಆದರೆ ಮುಖ ಸರಿ ಹೋಗುತ್ತಾ? ಬಳಸಿದವರು ಹೇಳಿ.

ಪಾರ್‌ಕ್ಯಾನ್_ಅಜ್ಜ:

ತಮ್ಮಾ, ಮೊದಲು ನಿನ್ನ 54×3 ಒಂದನ್ನು ನೆಲದ ಮೇಲೆ ಮಲಗಿಸು. ಒಂದೊಂದೇ ಬಣ್ಣ ಹಾಕಿ ಬಿಂದು ಎಣಿಸು. ನಾನು ಬಿಚ್ಚಿ ನೋಡಿದ ಬಹಳಷ್ಟರಲ್ಲಿ ಕೆಂಪು 12, ಹಸಿರು 18, ನೀಲಿ 18, ಬಿಳಿ ಬರೀ 6. ಒಟ್ಟು 54. ಡಬ್ಬಿಯ ಮೇಲೆ 162 ವ್ಯಾಟ್ ಅಂತ ಬರೆದಿರುತ್ತದೆ, ಆದರೆ ಅದರಲ್ಲಿ ಬಿಳಿ ಬೆಳಕಿಗೆ ಸಿಗುವುದು ಆರು ಮೂರಲಿ ಹದಿನೆಂಟು. ಅದೂ ಕಾಗದದ ಮೇಲೆ. ಉಳಿದ ಬಿಳಿ ಎಲ್ಲ ಕೆಂಪು, ಹಸಿರು, ನೀಲಿ ಕಲಸಿ ಆದದ್ದು.

ಆ ಕಲಸಿದ ಬಿಳಿಯೇ ನಿನ್ನ ತಲೆನೋವು. ಗೋಡೆಯ ಮೇಲೆ ಬಿಟ್ಟರೆ ಬಿಳಿಯಾಗೇ ಕಾಣುತ್ತದೆ, ಕಣ್ಣು ಮೋಸ ಹೋಗುತ್ತದೆ. ಮುಖ, ಬಟ್ಟೆ ಮೋಸ ಹೋಗುವುದಿಲ್ಲ. ಕೆಂಪು ಎಲ್‌ಇಡಿ ಸುಮಾರು 625 ನ್ಯಾನೋಮೀಟರ್ ಅಲೆಯುದ್ದದಲ್ಲಿ ಬೆಳಗುತ್ತದೆ, ಹಸಿರು 525ರ ಸುತ್ತ. ಇವೆರಡರ ನಡುವೆ ಹಳದಿ, ಕಿತ್ತಳೆಯ ಜಾಗ ಹೆಚ್ಚುಕಡಿಮೆ ಖಾಲಿ. ನಮ್ಮ ಮೈಬಣ್ಣ, ಅರಿಶಿನ, ಕೇಸರಿ, ಚಿನ್ನ ಎಲ್ಲದರ ಜೀವ ಇರುವುದೇ ಆ ಜಾಗದಲ್ಲಿ. ಕೇಸರಿ ಬಟ್ಟೆಗೆ ವಾಪಸ್ ಕಳಿಸೋಕೆ ಕೆಂಪು ಬಿಟ್ಟು ಹೆಚ್ಚೇನೂ ಸಿಗಲಿಲ್ಲ, ಅದೂ ಕೆಂಪಾಯಿತು. ಅಂಚು ಮೊದಲೇ ಕೆಂಪು. ಅಷ್ಟೇ ಕಥೆ. ನೀನು ಆ ದಿನ ಸ್ಲೈಡರನ್ನು ಎಲ್ಲೆಲ್ಲಿ ಒಯ್ದಿದ್ದರೂ ಆ ಅಂಚು ಸರಿಯಾಗಿ ಬರುತ್ತಿರಲಿಲ್ಲ, ಯಾಕೆಂದರೆ ಇಲ್ಲದ ಬೆಳಕನ್ನು ಸ್ಲೈಡರ್ ಹುಟ್ಟಿಸುವುದಿಲ್ಲ.

ಈಗ 6-ಇನ್-1 ಲೆಕ್ಕ ನೋಡು. 18×18 ಅಂದರೆ 18 ಮಣಿ, ಒಂದೊಂದರ ಒಳಗೆ ಆರು ಚಿಪ್ಪು: ಕೆಂಪು, ಹಸಿರು, ನೀಲಿ, ಬಿಳಿ, ಆಂಬರ್ (ಹಳದಿ-ಕಿತ್ತಳೆ), ಯುವಿ (ನೇರಳಾತೀತ). ತಲಾ 3 ವ್ಯಾಟ್. ಬಿಳಿಗೆ ಸಿಕ್ಕಿದ್ದು 54. ಇನ್ನು 18×12 ಅನ್ನುವ 4-ಇನ್-1 ತಗೋ. ಮಣಿಗೆ ನಾಲ್ಕು ಚಿಪ್ಪು, ತಲಾ 3. ಬಿಳಿಗೆ ಅದೇ 54. ಅಂಗಡಿಯವನು 18 ದೊಡ್ಡದು, 12 ಚಿಕ್ಕದು ಅಂತ ತೋರಿಸುತ್ತಾನೆ. ಆ ಹೆಚ್ಚಿನ ಆರು ವ್ಯಾಟು ಆಂಬರಿಗೆ, ಯುವಿಗೆ ಹೋಯಿತು. ಮುಖಕ್ಕೆ ಬರಲಿಲ್ಲ.

ನನ್ನ ಮಾತು ಇಷ್ಟು. ಮುಖಕ್ಕೆ ಬೇರೆ ಲೈಟು, ಬಣ್ಣಕ್ಕೆ ಬೇರೆ ಲೈಟು. ಮುಖಕ್ಕೆ ಬೆಚ್ಚಗಿನ ಬಿಳಿಯ ಸಿಒಬಿ ಪಾರ್ ನಾಲ್ಕು ತಗೋ. ಅದರಲ್ಲಿ ಇಡೀ ದೊಡ್ಡ ಚಿಪ್ಪೇ ಬಿಳಿ. ನಿನ್ನ ಹಳೇ ಎಂಟನ್ನು ಹಿಂದಿನ ಪರದೆಗೆ, ಕಂಬಗಳಿಗೆ ಬಿಡು. ಅಲ್ಲಿ ಅವು ಚೆನ್ನಾಗೇ ದುಡಿಯುತ್ತವೆ, ಬಿಸಾಕಬೇಡ.

ಶಟರ್_50:

ನಾನು ಮದುವೆ ವಿಡಿಯೋ ಮಾಡುವವನು. ಶಾಮಿಯಾನದವರ ಬೈಗುಳ ತಿಂದು, ವಾಪಸ್ ಬೈದು ಅಭ್ಯಾಸ. ಕಪ್ಪು ಪಟ್ಟಿ ಬಗ್ಗೆ ಹೇಳುತ್ತೇನೆ.

ಎಲ್‌ಇಡಿಯನ್ನು ಮಂಕು ಮಾಡುವುದು ಅಂದರೆ ಕರೆಂಟು ಕಡಿಮೆ ಕೊಡುವುದಲ್ಲ, ಹೆಚ್ಚಿನವುಗಳಲ್ಲಿ ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವುದು. ಕಣ್ಣಿಗೆ ಗೊತ್ತಾಗಲ್ಲ. ಕ್ಯಾಮೆರಾ ಸೆನ್ಸರ್ ಸಾಲು ಸಾಲಾಗಿ ಓದುತ್ತದಲ್ಲ, ಕೆಲವು ಸಾಲಿಗೆ ಬೆಳಕು, ಕೆಲವಕ್ಕೆ ಕತ್ತಲೆ. ಅದೇ ಪಟ್ಟಿ. ನಿಮ್ಮ ಲೈಟು ಸೆಕೆಂಡಿಗೆ 400 ಸಲ ಮಿಟುಕುತ್ತದೆ ಅಂದುಕೊಳ್ಳಿ. ನಾನು ಶಟರ್ 1/50 (ಸೆಕೆಂಡಿನ ಐವತ್ತನೇ ಒಂದು ಭಾಗ) ಇಟ್ಟರೆ ಸರಿಯಾಗಿ 8 ಮಿಟುಕು ಒಳಗೆ ಬರುತ್ತದೆ, ಎಲ್ಲ ಸಾಲಿಗೂ ಸಮಪಾಲು. ಸ್ಟೇಜ್ ಕೆಳಗೆ ನಿಂತ ಅಣ್ಣತಮ್ಮಂದಿರ ಫೋನು ತನ್ನಷ್ಟಕ್ಕೆ 1/120, 1/250 ಹಿಡಿದುಬಿಡುತ್ತದೆ. ಪಟ್ಟಿ ಬಂತು ಅಂತ ಅರ್ಥ. ಈಗ ಜನ ನೋಡುವುದು ನನ್ನ ವಿಡಿಯೋ ಅಲ್ಲ, ಆ ಫೋನಿನದ್ದು. ಸ್ಟೇಟಸ್ ಅಲ್ಲಿಂದಲೇ ಹೋಗೋದು.

ಇದರಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಪೂರ್ತಿ 255ಕ್ಕೆ, ಅಂದರೆ ಗರಿಷ್ಠ ಬೆಳಕಿಗೆ, ಇಟ್ಟರೆ ಸಾಮಾನ್ಯವಾಗಿ ಮಿಟುಕೇ ಇರುವುದಿಲ್ಲ, ಯಾಕೆಂದರೆ ಆರಿಸುವ ಪ್ರಸಂಗವೇ ಬರಲ್ಲ. ನೀವು ನೀಲಿ ಇಳಿಸಿದಿರಿ ಅಲ್ವಾ, ಪಟ್ಟಿ ಶುರುವಾದದ್ದು ಆಗಲೇ ಇರಬೇಕು. ಹಾಗಾಗಿ ಮುಖದ ಲೈಟು ಜಾಸ್ತಿ ಆದರೆ ಮಂಕು ಮಾಡಬೇಡಿ. ದೂರ ಸರಿಸಿ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಇಲ್ಲವೇ ಒಂದನ್ನು ಆರಿಸಿ.

ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಫೋನಿನ ಪ್ರೋ ಮೋಡಿನಲ್ಲಿ ಶಟರ್ 1/1000 ಇಡಿ, ಲೈಟನ್ನು ಮೂವತ್ತು ಪರ್ಸೆಂಟಿಗೆ ಇಳಿಸಿ, ಬಿಳಿ ಗೋಡೆ ನೋಡಿ. ಪಟ್ಟಿ ದಪ್ಪ ಇದ್ದಷ್ಟೂ ಮಿಟುಕು ನಿಧಾನ. ತೆಳು ಗೆರೆ ಅಥವಾ ಏನೂ ಇಲ್ಲ ಅಂದರೆ ಒಳ್ಳೇದು. ಕೆಲವು ಲೈಟುಗಳ ಮೆನುವಿನಲ್ಲೇ ಈ ಮಿಟುಕಿನ ವೇಗ ಬದಲಿಸುವ ಆಯ್ಕೆ ಇರುತ್ತದೆ, ಅದನ್ನೂ ಕೇಳಿ. ಅಂಗಡಿಯವರು ಗೊಣಗಬಹುದು. ಗೊಣಗಲಿ.

ಕಡಲತೀರದ_ಲೈಟು:

ಅಜ್ಜನವರ ಲೆಕ್ಕ ಸರಿ ಉಂಟು, ಆದರೆ ತೀರ್ಪು ನಾನು ಒಪ್ಪುವುದಿಲ್ಲ ಮಾರಾಯ್ರೆ. ಆಂಬರನ್ನು ಯುವಿ ಜೊತೆ ಒಂದೇ ಗೋಣಿಗೆ ಕಟ್ಟಿ ಬಿಸಾಡಬೇಡಿ.

ನಾನು ಕುಂದಾಪುರ ಕಡೆ ಯಕ್ಷಗಾನದ ಆಟಗಳಿಗೆ ಲೈಟು ಕೊಡುವವ. ನವೆಂಬರಿನಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆವರೆಗೆ, ಮೈ ಕೈ ಪುರುಸೊತ್ತಿಲ್ಲ. ನಮ್ಮ ವೇಷದ ಮುಖ ಮದುಮಗಳ ಮುಖದ ಹಾಗಲ್ಲ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಪ್ಪು, ಬಣ್ಣದ ವೇಷಕ್ಕೆ (ರಕ್ಕಸರ ಪಾತ್ರಕ್ಕೆ) ಮುಖದ ಮೇಲೆ ಇಡುವ ಬಿಳಿ ಚುಕ್ಕಿ, ಅಂದರೆ ಚಿಟ್ಟಿ. ಇದೆಲ್ಲ ದೊಂದಿ, ಗ್ಯಾಸ್‌ಲೈಟಿನ ಬೆಳಕಿಗೆ ಹೊಂದಿಕೊಂಡು ಬಂದ ಬಣ್ಣಗಾರಿಕೆ. ಒಮ್ಮೆ ನಾನೇ ಹೊಸ ಲೈಟಿನ ಉಮೇದಿನಲ್ಲಿ ರಕ್ಕಸನ ಒಡ್ಡೋಲಗಕ್ಕೆ (ರಂಗಪ್ರವೇಶಕ್ಕೆ) ಗಾಢ ನೀಲಿ ಬಿಟ್ಟೆ. ಕೆಂಪು ಹೋಗಿ ಕಪ್ಪಾಯಿತು, ಕಪ್ಪು ಕಪ್ಪೇ. ಎರಡು ತಾಸು ಕೂತು ಬರೆದ ಮುಖ, ಚಿಟ್ಟಿ ಬಿಟ್ಟು ಬೇರೇನೂ ಕಾಣದೆ, ಕತ್ತಲೆಯಲ್ಲಿ ಬಿಳಿ ಚುಕ್ಕಿಗಳು ಕುಣಿದ ಹಾಗೆ ಆಯಿತು. ವೇಷ ಬಿಚ್ಚಿದ ಮೇಲೆ ಆ ಕಲಾವಿದರು ನನಗೆ ಹೇಳಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಈಗ ನಾನು ಮಾಡುವುದು: 6-ಇನ್-1ರಲ್ಲಿ ಬಿಳಿ ಪೂರ್ತಿ, ಆಂಬರ್ ಪೂರ್ತಿ, ಕೆಂಪು ಚೂರೇ ಚೂರು. ಈ ಪಾರ್‌ಗಳ ಬಿಳಿ ಸಾಮಾನ್ಯ ತಣ್ಣಗಿನ ಬಿಳಿ, ಆಸ್ಪತ್ರೆಯ ಬೆಳಕಿನ ಹಾಗೆ. ಆಂಬರ್ ಸೇರಿದರೆ ಹಳೇ ಹ್ಯಾಲೊಜನಿನ ಹದಕ್ಕೆ ಬರುತ್ತದೆ. ಅಜ್ಜನವರು ಹೇಳಿದ ಆ ಖಾಲಿ ಜಾಗ ಉಂಟಲ್ಲ, ಆಂಬರ್ 590ರ ಸುತ್ತ ಅಲ್ಲಿಯೇ ಹೋಗಿ ಕೂರುವುದು. ಸಿಒಬಿಯಲ್ಲಿ ಒಂದೇ ಬಿಳಿ, ಪ್ರಸಂಗ ಬದಲಾದರೆ ಅದು ಬದಲಾಗುವುದಿಲ್ಲ. ಒಂದೇ ಸೆಟ್ಟಿನಲ್ಲಿ ಮದುವೆಯೂ ಆಗಬೇಕು, ಆಟವೂ ಆಗಬೇಕು ಅನ್ನುವವರಿಗೆ ಆಂಬರ್ ಇರುವುದೇ ಒಳ್ಳೆಯದು. ಯುವಿ ಮಾತ್ರ ಸುಮ್ನೆ. ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಪಂಚೆಗಳು ನೀಲಿ ಹೊಳೆಯುತ್ತವೆ, ಅಷ್ಟೇ ಅದರ ಸಾಧನೆ.

ಶಾಮಿಯಾನ_ತರೀಕೆರೆ:

ಅಜ್ಜ, ಎಣಿಸಿದೆ. ಬಿಳಿ ಆರು. ನಿಜಕ್ಕೂ ಆರು! ಎರಡು ವರ್ಷದಿಂದ ನನ್ನ ಗೋಡೌನಿನಲ್ಲೇ ಇದ್ದ ಲೈಟು, ಒಂದು ಸಲಾನೂ ನೋಡಿರಲಿಲ್ಲ. ಗೋಡೆ ಮುಂದೆ ಕೈ ಹಿಡಿದೆ. ಒಂದು ಕೈಗೆ ಕೆಂಪು, ಹಸಿರು, ನೀಲಿ ಅಂತ ಬಣ್ಣಬಣ್ಣದ ನೆರಳು ಬಿತ್ತು. ನನ್ನ ಮಗಳು ಅದರಲ್ಲಿ ಅರ್ಧ ಗಂಟೆ ನಾಯಿ, ಜಿಂಕೆ ಮಾಡಿ ಆಡಿದಳು. ಇದಕ್ಕೂ ಏನಾದರೂ ಮದ್ದು ಇದೆಯಾ?

ಪಾರ್‌ಕ್ಯಾನ್_ಅಜ್ಜ:

ಮಗಳಿಗೆ ಶಹಬ್ಬಾಸ್ ಹೇಳು. ನೆರಳು ಒಡೆಯುವುದು ಯಾಕೆಂದರೆ ಒಂದೊಂದು ಬಣ್ಣ ಒಂದೊಂದು ಜಾಗದಿಂದ ಹೊರಡುತ್ತದೆ. 4-ಇನ್-1ರಲ್ಲಿ ಎಲ್ಲ ಚಿಪ್ಪು ಒಂದೇ ಮಸೂರದ ಕೆಳಗೆ ಇರುತ್ತವೆ, ಬಣ್ಣ ಹೊರಗೆ ಬರುವ ಮೊದಲೇ ಬೆರೆತಿರುತ್ತದೆ. ಹಾಗಾಗಿ ಮನುಷ್ಯರ ಮೇಲೆ ಬಣ್ಣ ಬಿಡುವುದಾದರೆ 4-ಇನ್-1 ಬೇಕು, ಪರದೆಗೆ ಬಿಡುವುದಾದರೆ 54×3 ಸಾಕು. ಪರದೆಗೆ ನೆರಳು ಎಲ್ಲಿಂದ ಬರಬೇಕು?

ಕಡಲಿನವರ ಮಾತಿಗೆ: ಆಂಬರ್ ವಿಷಯದಲ್ಲಿ ಸೋತೆ, ಒಪ್ಪಿಕೊಂಡೆ. ನಾಟಕಕ್ಕಂತ ಬರುವ ದುಬಾರಿ ಲೈಟುಗಳಲ್ಲಿ ಆಂಬರ್ ಜೊತೆಗೆ ಲೈಮ್ ಅನ್ನುವ ಹಳದಿ-ಹಸಿರನ್ನೂ ಸೇರಿಸಿರುವುದು ಇದೇ ಖಾಲಿ ಜಾಗ ತುಂಬೋಕೆ. ಇಟಿಸಿ ಕಂಪನಿಯ ಲಸ್ಟರ್ ಬೆಳಕನ್ನು ಒಮ್ಮೆ ಒಬ್ಬ ನಟನ ಮುಖದ ಮೇಲೆ ನೋಡಿದೆ, ಹ್ಯಾಲೊಜನ್ ಅಂತಲೇ ಅಂದುಕೊಂಡಿದ್ದೆ. ಅದರ ಬೆಲೆ ನಮ್ಮ ಚರ್ಚೆಗೆ ಬೇಡ.

ಆದರೆ ಆರತಕ್ಷತೆಯಲ್ಲಿ ಮೂರು ಗಂಟೆ ಹೊತ್ತು ಪ್ರಸಂಗ ಬದಲಾಗುವುದಿಲ್ಲ ಅಲ್ವಾ? ಸೋಫಾ ಒಂದೇ ಕಡೆ, ಜನ ಸಾಲಾಗಿ ಬಂದು ಕವರ್ ಕೊಟ್ಟು ಊಟಕ್ಕೆ ಹೋಗುತ್ತಾರೆ. ಅಲ್ಲಿಗೆ ಸಿಒಬಿಯೇ ಸೈ. ನಾಲ್ಕರಲ್ಲಿ ಎರಡು ಬಲಕ್ಕೆ, ಎರಡು ಎಡಕ್ಕೆ, ಸ್ಟ್ಯಾಂಡ್ ಮೇಲೆ ಎತ್ತರಕ್ಕೆ ಏರಿಸಿ ಓರೆಯಾಗಿ ಬಿಡು. ನೇರ ಮುಂದಿನಿಂದ ಬಿಟ್ಟರೆ ಮೂಗೇ ಇಲ್ಲದ ಮುಖ ಆಗುತ್ತದೆ, ತೀರ ಮೇಲಿಂದ ಬಿಟ್ಟರೆ ಕಣ್ಣು ಗುಳಿ ಬೀಳುತ್ತದೆ. ಬೆಳಕಿನ ಕೋನ ಕೇಳಿ ತಗೋ. 25 ಡಿಗ್ರಿಯದು 15 ಅಡಿ ದೂರಕ್ಕೆ ಸುಮಾರು ಆರೂವರೆ ಅಡಿ ಅಗಲ ಹರಡುತ್ತದೆ, 45 ಡಿಗ್ರಿಯದು ಹನ್ನೆರಡು ಅಡಿ ಚಿಲ್ಲರೆ. ಸೋಫಾದ ಪಕ್ಕ ನಿಂತ ಅಜ್ಜಿ ಕತ್ತಲೆಗೆ ಬೀಳಬಾರದು ಅಂದರೆ ಅಗಲದ್ದೇ ಬೇಕು.

ನಾಟಕ ಮಾಡಿಸುವವರಿಗೆ ಇನ್ನೊಂದು ಮಾತು. ಅಗ್ಗದ ಪಾರ್ ಮಂಕಾಗಿಸುವಾಗ 256 ಮೆಟ್ಟಿಲಷ್ಟೇ. ಮೇಲೆ ಗೊತ್ತಾಗಲ್ಲ. ಕೊನೆಯ ಏಳೆಂಟು ಮೆಟ್ಟಿಲಲ್ಲಿ ಬೆಳಕು ಎಡವಿ ಎಡವಿ ಬೀಳುತ್ತದೆ. ಸಾಯುವ ದೃಶ್ಯದಲ್ಲಿ ಎರಡು ಸಲ ಬಿಕ್ಕಳಿಸಿ ಆರಿದ ಲೈಟು ನೋಡಿ ಜನ ನಕ್ಕಿದ್ದಾರೆ, ನಾನೇ ಬೋರ್ಡಿನ ಹಿಂದೆ ಕೂತಿದ್ದೆ. ಮೆನುವಿನಲ್ಲಿ ಡಿಮ್ಮರ್ ಕರ್ವ್ (ಮಂಕಾಗುವ ರೀತಿ ಬದಲಿಸುವ ಆಯ್ಕೆ) ಇದ್ದರೆ ಸ್ವಲ್ಪ ಪರವಾಗಿಲ್ಲ. ಫ್ಯಾನ್ ಸದ್ದೂ ಕೇಳಿ ನೋಡು. ಆರ್ಕೆಸ್ಟ್ರಾದಲ್ಲಿ ಅದು ಮುಚ್ಚಿ ಹೋಗುತ್ತದೆ, ತಂಬೂರಿ ಇರುವ ಕಛೇರಿಯಲ್ಲಿ ಹೋಗುವುದಿಲ್ಲ.

ಹುಬ್ಬಳ್ಳಿ_ಜನರೇಟರ್:

ಎಲ್ಲರೂ ಬಣ್ಣದ್ದೇ ಮಾತಾಡಾಕತ್ತೀರಿ. ಲೈಟು ಉಳಿದರೆ ತಾನೇ ಬಣ್ಣ?

ನನ್ನ ಹತ್ತಿರ ರಿಪೇರಿಗೆ ಬರುವ ಪಾರ್‌ಗಳಲ್ಲಿ ಎಲ್‌ಇಡಿ ಸುಟ್ಟಿದ್ದು ಕಡಿಮೆ. ಸುಟ್ಟಿರುವುದು ಒಳಗಿನ ಪವರ್ ಸಪ್ಲೈ. ಕಾರಣ ಕೇಳಿದರೆ 'ಸುಮ್ನೆ ಉರೀತಿತ್ತು ಸಾರ್, ಡಬ್ ಅಂತು' ಅಂತಾರೆ. ಸುಮ್ನೆ ಅಲ್ಲ. ಮೂರು ಫೇಸ್ ಜನರೇಟರ್ ಅಥವಾ ಕಂಬದಿಂದ ಎಳೆದ ಲೈನಿನಲ್ಲಿ ನ್ಯೂಟ್ರಲ್ ವೈರು ಸಡಿಲ ಆಗಿರುತ್ತದೆ. ನ್ಯೂಟ್ರಲ್ ಬಿಟ್ಟುಹೋದ ಕ್ಷಣ ಒಂದು ಫೇಸಿನ ಸಾಮಾನಿಗೂ ಇನ್ನೊಂದು ಫೇಸಿನ ಸಾಮಾನಿಗೂ ನಡುವೆ 415 ವೋಲ್ಟ್ ಹಂಚಿ ಹೋಗುತ್ತದೆ. ಲೋಡು ಕಡಿಮೆ ಇರುವ ಕಡೆಗೆ ಜಾಸ್ತಿ ವೋಲ್ಟೇಜ್. ಆ ಕಡೆ ಅಡುಗೆಯವರ ದೊಡ್ಡ ಹೀಟರು, ಈ ಕಡೆ ನಿಮ್ಮ ಎಂಟು ಲೈಟು ಅಂದರೆ ಪೆಟ್ಟು ಬೀಳುವುದು ನಿಮಗೇ. 250ರವರೆಗೆ ತಡೆಯುವ ಸಪ್ಲೈ ಮುನ್ನೂರು ಚಿಲ್ಲರೆಗೆ ಏನು ಮಾಡೀತು? ಒಂದು ಜಾತ್ರೆಯಲ್ಲಿ ಹೀಗೇ ಆಗಿ ಹನ್ನೊಂದು ಪಾರು, ಎರಡು ಆಂಪ್ಲಿಫೈಯರ್, ಒಂದು ಐಸ್‌ಕ್ರೀಮ್ ಪೆಟ್ಟಿಗೆ ಒಂದೇ ಏಟಿಗೆ ಹೋದವು. ನ್ಯೂಟ್ರಲ್ಲನ್ನು ಅಲ್ಯೂಮಿನಿಯಂ ವೈರಿನಲ್ಲಿ ಕೈಯಿಂದ ತಿರುಚಿ ಮೇಲೆ ಟೇಪು ಸುತ್ತಿದ್ದರು.

ಆದ್ದರಿಂದ ಐವತ್ತು ಸಾವಿರದಲ್ಲಿ ಎರಡು ಮೂರು ಸಾವಿರ ತೆಗೆದಿಟ್ಟು, ವೋಲ್ಟೇಜ್ ಏರಿದರೆ ಕಡಿದುಬಿಡುವ ಪ್ರೊಟೆಕ್ಟರ್ ಇರುವ ಒಂದು ಬೋರ್ಡು ಮಾಡಿಸಿರಿ. ಲೈಟು ಹಚ್ಚುವ ಮೊದಲು ಮೀಟರ್ ಇಟ್ಟು ನೋಡಿರಿ. ಅರ್ಥಿಂಗ್ ಬಿಡಬ್ಯಾಡ್ರಿ, ಪಾರಿನ ಮೈ ಲೋಹದ್ದು, ಮಳೆಗಾಲದ ನೆಲ ಹಸಿ. ಗಣಪತಿ ಪೆಂಡಾಲಿಗೆ ಹೊರಗೆ ಇಡುವ ಲೈಟು ಐಪಿ 65 (ಧೂಳು, ಮಳೆನೀರು ಒಳಗೆ ಬಿಡದ್ದು) ಇರಲಿ, ಒಳಗಿನದಕ್ಕೆ ಬೇಡ. ಮೇಲೆ ತೂಗುಹಾಕಿದ್ದಕ್ಕೆಲ್ಲ ಸೇಫ್ಟಿ ಚೈನು ಬೇಕು. ಬಟರ್‌ಫ್ಲೈ ಬೋಲ್ಟ್ ನಂಬಬ್ಯಾಡ್ರಿ.

ಕಡಲತೀರದ_ಲೈಟು:

ನ್ಯೂಟ್ರಲ್ ಮಾತು ನೂರಕ್ಕೆ ನೂರು. ಹಿಂದೆ ಒಂದು ಸಾವಿರ ವ್ಯಾಟಿನ, ಪಾರ್ 64 ಅನ್ನುವ ಹಳೇ ಲೈಟು ಎಂಟು ಹಚ್ಚಿದರೆ ಎಂಟು ಕಿಲೋವ್ಯಾಟು, ಆಗ ಎಲ್ಲರೂ ವೈರಿನ ಬಗ್ಗೆ ಹೆದರುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಎಂಟೂ ಒಂದೇ ಪ್ಲಗ್ಗಿನಲ್ಲಿ ಉರಿಯುತ್ತದೆ ಅಂತ ಹೆದರಿಕೆಯೇ ಬಿಟ್ಟಿದ್ದಾರೆ.

ಶಾಮಿಯಾನ_ತರೀಕೆರೆ:

ಬೆಂಗಳೂರಿಗೆ ಹೋಗಿ ಬಂದೆ. ಜೊತೆಗೆ ಹೆಂಡತಿಯ ಕೇಸರಿ ಸೀರೆ (ಅಂಚು ಕೆಂಪು, ಬೇಕಂತಲೇ ಅದೇ ಆರಿಸಿದ್ದು) ಕವರಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗರು ನಕ್ಕರು. ಒಂದು ಕಡೆ ಕಪ್ಪು ಬಟ್ಟೆ ಕಟ್ಟಿಸಿ, ಸೀರೆ ಹರಡಿ, ಪಕ್ಕದಲ್ಲಿ ನನ್ನ ಕೈ ಇಟ್ಟು ಮೂರನ್ನೂ ನೋಡಿದೆ.

54×3: ಅಂಚು ಮಾಯ. ಕೈ ಸತ್ತವನ ಕೈ ಥರ. 4-ಇನ್-1ರಲ್ಲಿ ಬಿಳಿ ಮಾತ್ರ ಹಾಕಿದಾಗ ಅಂಚು ಕಂಡಿತು, ಆದರೆ ಕೇಸರಿ ಸ್ವಲ್ಪ ಪೇಲವ. 6-ಇನ್-1ರಲ್ಲಿ ಕಡಲಿನವರು ಹೇಳಿದ ಹಾಗೆ ಬಿಳಿ, ಆಂಬರ್, ಚೂರು ಕೆಂಪು ಮಾಡಿದೆ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆಮೇಲೆ ಬೆಚ್ಚಗಿನ ಸಿಒಬಿ ಹಾಕಿದರು. ಜರಿ ಎದ್ದು ಬಂತು. ಅಂಗಡಿಯಲ್ಲಿ ಕೂತಿದ್ದ ಇನ್ನೊಬ್ಬ ಗಿರಾಕಿ ಎದ್ದು ಬಂದು ಸೀರೆ ಎಲ್ಲಿ ತಗೊಂಡ್ರಿ ಅಂತ ಕೇಳಿದ.

1/1000 ಪರೀಕ್ಷೆಯಲ್ಲಿ ಒಂದು ಅಗ್ಗದ ಸಿಒಬಿ ಫೇಲಾಯಿತು, ಜೀಬ್ರಾ ಥರ ಪಟ್ಟಿ. ಅದಕ್ಕಿಂತ ಸ್ವಲ್ಪ ಬೆಲೆಯದ್ದು ಪಾಸು. ಕೊನೆಗೆ ಸಿಒಬಿ ನಾಲ್ಕು, 18×12 4-ಇನ್-1 ನಾಲ್ಕು, ಪ್ರೊಟೆಕ್ಟರ್ ಬೋರ್ಡು, ಒಂದು 192 ಡಿಎಂಎಕ್ಸ್ ಕಂಟ್ರೋಲರ್ (ಲೈಟುಗಳನ್ನು ಕೇಬಲ್ ಮೂಲಕ ಆಡಿಸುವ ಬೋರ್ಡು). ಬಜೆಟ್ಟಿಗಿಂತ ನಾಲ್ಕು ಸಾವಿರ ಮೇಲೆ ಹೋಯಿತು. 6-ಇನ್-1 ಬಿಟ್ಟೆ, ನಮ್ಮ ಕಡೆ ಆಟ ಆಡಿಸುವವರು ವರ್ಷಕ್ಕೆ ಒಂದು ಸಲ ಸಿಕ್ಕರೆ ಹೆಚ್ಚು.

ಈಗ ಹೊಸ ತೊಂದರೆ. 4-ಇನ್-1 ಎಂಟು ಚಾನೆಲ್ಲಿನದು, ಅಂದರೆ ಬಣ್ಣ, ಮಂಕು ಹೀಗೆ ಒಂದೊಂದನ್ನು ಆಡಿಸುವ ಎಂಟು ದಾರಿ. ಮೊದಲನೆಯದಕ್ಕೆ ಅಡ್ರೆಸ್ (ಅದರ ಮೊದಲ ಚಾನೆಲ್ಲಿನ ಸಂಖ್ಯೆ) 1, ಎರಡನೆಯದಕ್ಕೆ 9 ಇಟ್ಟೆ. ಬೋರ್ಡಿನಲ್ಲಿ 1 ಒತ್ತಿದರೆ ಮೊದಲನೆಯದು ಕೇಳುತ್ತದೆ. 2 ಒತ್ತಿದರೆ ಎರಡನೆಯದು ಜಪ್ಪಯ್ಯ ಅಂದರೂ ಅಲುಗಾಡಲ್ಲ. ಲೈಟೇ ಹಾಳಾ?

ಪಾರ್‌ಕ್ಯಾನ್_ಅಜ್ಜ:

ಲೈಟು ಸರಿ ಇದೆ. ಆ 192 ಬೋರ್ಡು ಒಂದೊಂದು ಬಟನ್ನಿಗೆ 16 ಚಾನೆಲ್ ಮೀಸಲಿಡುತ್ತದೆ, ಲೈಟು ಎಂಟೇ ಬಳಸಿದರೂ ಅದಕ್ಕೆ ಬೇಕಿಲ್ಲ. 12 ಬಟನ್, ತಲಾ 16, ಒಟ್ಟು 192. ನಿನ್ನ 9 ಇನ್ನೂ ಮೊದಲನೇ ಬಟನ್ನಿನ ಮನೆಯೊಳಗೇ ಇದೆ. 1 ಒತ್ತಿ ಪೇಜ್ ಬಟನ್ ಒತ್ತಿ ನೋಡು, ಎರಡನೇ ಲೈಟು ಕುಣಿಯುತ್ತದೆ. 1, 17, 33, 49 ಇಡು.

ಕೇಬಲ್ ಒಂದರಿಂದ ಒಂದಕ್ಕೆ ಸಾಲಾಗಿ ಹೋಗಲಿ, ಮಧ್ಯದಲ್ಲಿ ಕವಲು ಹೊಡೆಯಬೇಡ. ಕೊನೆಯ ಲೈಟಿನ ಔಟಿಗೆ 2 ಮತ್ತು 3ನೇ ಪಿನ್ನಿನ ನಡುವೆ 120 ಓಮ್ ರೆಸಿಸ್ಟರ್ ಬೆಸೆದ ಒಂದು ಎಕ್ಸ್‌ಎಲ್‌ಆರ್ ಪ್ಲಗ್ಗು (ಮೈಕಿನ ಕೇಬಲ್ಲಿಗೆ ಇರುವಂಥದ್ದು) ಚುಚ್ಚು. ಇಲ್ಲದಿದ್ದರೂ ಮನೆಯಲ್ಲಿ ನಡೆಯುತ್ತದೆ, ಮದುವೆ ದಿನ ಉದ್ದ ಕೇಬಲ್ ಎಳೆದಾಗ ಲೈಟುಗಳು ತಾವೇ ಮಿಣಮಿಣ ಅನ್ನೋಕೆ ಶುರು ಮಾಡುತ್ತವೆ.

ಶಾಮಿಯಾನ_ತರೀಕೆರೆ:

17 ಇಟ್ಟೆ. ಬಂತು ಅಜ್ಜ! ರೆಸಿಸ್ಟರ್ ನಾಳೆ ರೇಡಿಯೋ ರಿಪೇರಿಯವನ ಹತ್ತಿರ ಬೆಸೆಸುತ್ತೇನೆ. ಶುಕ್ರವಾರ ಒಂದು ಆರತಕ್ಷತೆ ಇದೆ, ಅದೇ ಅತ್ತೆಯವರ ಪಕ್ಕದ ಮನೆಯವರದ್ದು.